ಆಟಕ್ಕುಂಟು ಲೆಕ್ಕಕ್ಕಿಲ್ಲ



ಒಮ್ಮೆ ಒಂದು ಊರಿನ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆಯುತ್ತಿದ್ದೆವು. ಹೊರಗೆ ಜಗಲಿಯಲ್ಲಿ ಪುಟ್ಟ ಮಕ್ಕಳು ತೆಂಗಿನ ಚಿಪ್ಪು ಇಟ್ಟುಕೊಂಡು ಅಡುಗೆ ಆಟ ಆಡುತ್ತಿದ್ದರು. ಇನ್ನೊಬ್ಬ ಹುಡುಗಿ ಬಂದಳು. "ನೀನು ಬೇಡ, ಹೋಗು" ಅಂದಳು ಒಬ್ಬಳು. ಬಂದ ಮಗು ಕಂಬ ಹಿಡಿದು ನಿಂತಿತು. ಆಡುವವರಲ್ಲಿ ಅವಳ ಗೆಳತಿಯೂ ಇದ್ದಳು. ಅವಳೂ ಕರೆಯಲಿಲ್ಲ. ಯಾಕಮ್ಮಾ ಅಂತ ಕೇಳಿದೆ. "ಅವಳನ್ನ ಕರೆದ್ರೆ ನನ್ನನ್ನೂ ಸೇರಿಸಲ್ಲ ಸಿಸ್ಟರ್" ಅಂದಳು.

ಇದು ಕಲ್ಲು ಮನಸ್ಸಲ್ಲ, ಹೆದರಿಕೆ. 2009ರಲ್ಲಿ ಹ್ಯಾರಿಯೆಟ್ ಓವರ್ ಮತ್ತು ಮಲಿಂಡಾ ಕಾರ್ಪೆಂಟರ್ ಎಂಬ ಸಂಶೋಧಕಿಯರು ಐದು ವರ್ಷದ ಮಕ್ಕಳಿಗೆ ಚಿಕ್ಕ ವಿಡಿಯೋ ತೋರಿಸಿದರು. ಅದರಲ್ಲಿ ಮನುಷ್ಯರಿಲ್ಲ, ಬರೀ ಆಕಾರಗಳು. ಒಂದು ಆಕಾರವನ್ನು ಉಳಿದವು ಹತ್ತಿರ ಸೇರಿಸುವುದಿಲ್ಲ. ಇದನ್ನು ನೋಡಿದ ಮಕ್ಕಳು, ಆಮೇಲೆ ದೊಡ್ಡವರು ಮಾಡಿ ತೋರಿಸಿದ್ದನ್ನು ಬೇರೆ ಮಕ್ಕಳಿಗಿಂತ ಹೆಚ್ಚು ನಿಖರವಾಗಿ ಅನುಕರಿಸಿದರು. ಅಂದರೆ, ಬೇರೆ ಯಾರನ್ನೋ ಹೊರಗಿಟ್ಟದ್ದು ಕಂಡರೂ ಸಾಕು, ತಾವು ಸೇರಿಕೊಳ್ಳಬೇಕು ಎಂಬ ತವಕ ಮಕ್ಕಳಲ್ಲಿ ಹೆಚ್ಚುತ್ತದೆ.

ಆದ್ದರಿಂದ ಒಂದು ಮಗುವಿಗೆ "ಪಾಪ, ಸೇರಿಸ್ಕೋ" ಅಂದರೆ ಸಾಲದು. ಎಲ್ಲರಿಗೂ ಒಂದೇ ನಿಯಮ ಬೇಕು. ಅಮೆರಿಕದ ಚಿಕಾಗೋದಲ್ಲಿ ಶಿಶುವಿಹಾರದ ಶಿಕ್ಷಕಿಯಾಗಿದ್ದ ವಿವಿಯನ್ ಪೇಲಿ, ಆಟಕ್ಕೆ ಬೇಡ ಅಂತ ಯಾರಿಗೂ ಹೇಳುವ ಹಾಗಿಲ್ಲ ಎಂಬ ನಿಯಮ ತಂದರು. 1992ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ದೊಡ್ಡ ತರಗತಿಯ ಮಕ್ಕಳು ಇದು ನ್ಯಾಯವೇ, ಆದರೆ ಕಷ್ಟ ಅಂದರಂತೆ. ಚಿಕ್ಕವರು ಮೆಲ್ಲಗೆ ಒಗ್ಗಿಕೊಂಡರು. ನಿಯಮ ದೊಡ್ಡವರದ್ದಾದರೆ ಯಾವ ಮಗುವೂ ಒಬ್ಬಳೇ ಗುಂಪಿಗೆ ಎದುರು ನಿಲ್ಲಬೇಕಾಗಿಲ್ಲ.

ನಾವು ಏನು ಮಾಡಬಹುದು?

1. ನಮ್ಮ ಅಂಗಳದಲ್ಲಿ, ಅಂಗನವಾಡಿಯಲ್ಲಿ ಇದೇ ನಿಯಮ ಇಡೋಣ.

2. ಗದರಿಸುವ ಬದಲು ಆಟದೊಳಗೇ ಜಾಗ ಮಾಡಿಕೊಡೋಣ. "ಊಟಕ್ಕೆ ನೆಂಟರು ಬೇಡವಾ? ಇವಳು ಬಂದಿದ್ದಾಳೆ ನೋಡಿ" ಅನ್ನಬಹುದು. ಆದರೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವಂತೆ ಆಗಬಾರದು. ಮುಂದಿನ ಸರದಿಯಲ್ಲಿ ಅವಳೇ ಅಡುಗೆ ಮಾಡಲಿ.

3. ಹೊರಗುಳಿದ ಮಗುವಿಗೆ "ನೀನೇ ಏನೋ ಮಾಡಿರ್ತೀಯ" ಅನ್ನಬಾರದು. ಮೊದಲು ಅದರ ಮಾತು ಕೇಳೋಣ.

4. ನಮ್ಮ ಮಾತಿನ ಮೇಲೆ ನಮಗೆ ಎಚ್ಚರ ಇರಲಿ.

ಈ ಕೊನೆಯದೇ ದೊಡ್ಡದು. ಅಂದು "ಬೇಡ" ಅಂದ ಮಗುವನ್ನು ತಾಯಿ ಎಲ್ಲರೆದುರು ಗದರಿಸಿದರು. ಮಗು ಅಳುತ್ತಾ, "ಆ ಕೇರಿಯವರ ಜೊತೆ ಆಡಬೇಡ ಅಂತ ನೀನೇ ಹೇಳಿದ್ದಲ್ವಾ?" ಅಂತು. ಹೊರಗೆ ನಿಂತಿದ್ದ ಮಗುವಿನ ತಾಯಿ ಅದೇ ಚಾಪೆಯ ಮೇಲೆ, ನಮ್ಮ ಜೊತೆ ಕೂತಿದ್ದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಸಂಘದಲ್ಲಿ ನಾವು ಒಂದೇ ಚಾಪೆಯಲ್ಲಿ ಕೂರುತ್ತೇವೆ. ಮನೆಗೆ ಹೋದ ಮೇಲೆ?

ಸಭೆಯಲ್ಲಿ ಚರ್ಚಿಸಿ:
* ಯಾರ ಜೊತೆ ಆಡಬೇಡ ಅಂತ ನಾವು ಮಕ್ಕಳಿಗೆ ಹೇಳಿದ್ದೇವೆ? ಯಾಕೆ?
* ನಮ್ಮ ಅಂಗನವಾಡಿಯಲ್ಲಿ ದಿನಾ ಒಂಟಿಯಾಗಿ ಕೂರುವ ಮಗು ಯಾವುದು? ಈ ವಾರ ಅದಕ್ಕಾಗಿ ನಾವೇನು ಮಾಡೋಣ?