ಡಿಜೆಮ್ ಇದೆಯೇ ಇಲ್ಲಿ?

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರ ಓದುವ ಹುಡುಗ ಹುಡುಗಿಯರೇ, ‘ಆರ್’ ತಂತ್ರಾಂಶವನ್ನು ಒಮ್ಮೆ ಮೂಲ ಕೋಡ್‌ನಿಂದಲೇ ಬಿಲ್ಡ್ ಮಾಡಿ ನೋಡಿ! ಕಾನ್ಫಿಗರ್ ಆಜ್ಞೆಯ ಜೊತೆಗೆ ‘ವಿತ್-ಬ್ಲಾಸ್’ ಸೇರಿಸಿ; ಬ್ಲಾಸ್ ಎಂದರೆ ವೆಕ್ಟರ್, ಮ್ಯಾಟ್ರಿಕ್ಸ್‌ಗಳ ಮೂಲ ಲೆಕ್ಕ ಮಾಡುವ ಫಂಕ್ಷನ್‌ಗಳ ಗುಂಪು. ಟರ್ಮಿನಲ್‌ನಲ್ಲಿ ಸಾಲುಗಳು ಸರಸರನೆ ಓಡುತ್ತವೆ. ಅವುಗಳ ನಡುವೆ, ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ತಪ್ಪಿಹೋಗುವ ಒಂದು ಪ್ರಶ್ನೆ: ಇಲ್ಲಿ ಡಿಜೆಮ್, ಅಂದರೆ ಮ್ಯಾಟ್ರಿಕ್ಸ್ ಗುಣಿಸುವ ಬ್ಲಾಸ್ ಫಂಕ್ಷನ್, ಇದೆಯೇ?

ಯಂತ್ರ ಅದನ್ನು ಕೇಳುವ ಬಗೆ ಕಂಡು ಬೆರಗಾಗಿಹೋದೆ. ಅದು ಆ ಕ್ಷಣಕ್ಕೆಂದೇ ಪುಟಾಣಿ ಸಿ ಪ್ರೋಗ್ರಾಂ ಒಂದನ್ನು ಬರೆಯುತ್ತದೆ! ಅದರಲ್ಲಿರುವುದು ಡಿಜೆಮ್‌ಗೆ ಒಂದು ಕರೆ, ಅಷ್ಟೇ. ಗುಣಿಸಲು ಮ್ಯಾಟ್ರಿಕ್ಸ್ ಕೂಡ ಕೊಟ್ಟಿರುವುದಿಲ್ಲ. ಕೊಡಬೇಕಾಗಿಯೂ ಇಲ್ಲ, ಏಕೆಂದರೆ ಆ ಪ್ರೋಗ್ರಾಂ ಓಡುವುದೇ ಇಲ್ಲ. ಲಿಂಕರ್‌ಗೆ ಆ ಹೆಸರು ಯಾವುದಾದರೂ ಲೈಬ್ರರಿಯಲ್ಲಿ ಸಿಕ್ಕರೆ ಹೌದು. ಸಿಗದಿದ್ದರೆ ಮುಂದಿನ ಲೈಬ್ರರಿ.

ಅದಕ್ಕೂ ಮೊದಲೇ ಇನ್ನೊಂದು ವಿಚಾರಣೆ ಮುಗಿದಿರುತ್ತದೆ. ಡಿಜೆಮ್ ಫೋರ್ಟ್ರಾನ್ ರೀತಿಯ ಹೆಸರು; ಆ ಭಾಷೆಯ ಕಂಪೈಲರ್ ಹೆಸರುಗಳ ಕೊನೆಗೆ ಅಂಡರ್‌ಸ್ಕೋರ್ ಅಂಟಿಸುತ್ತದೆಯೇ? ಆ ಒಂದು ಗೆರೆ ತಪ್ಪಿದರೆ ಡಿಸ್ಕಿನಲ್ಲೇ ಕೂತಿರುವ ಲೈಬ್ರರಿಯೂ ಕಾಣದು!

ಬ್ಲಾಸ್‌ನ ಮೊದಲ ಹಂತ 1979ರದು, ಡಿಜೆಮ್ ಸೇರಿದ ಮೂರನೇ ಹಂತ 1990ರದು. ಅದನ್ನು ಒದಗಿಸುವ ಲೈಬ್ರರಿಗಳು ಹಲವು, ಓಪನ್‌ಬ್ಲಾಸ್, ಅಟ್ಲಾಸ್, ಇಂಟೆಲ್‌ನ ಎಂಕೆಎಲ್: ಒಳಗಿನ ಜಾಣತನ ಬೇರೆಬೇರೆ, ಕರೆಯುವ ಹೆಸರು ಮಾತ್ರ ಒಂದೇ. ಸಾವಿರ ಸಾಲು, ಸಾವಿರ ಕಂಬಸಾಲುಗಳ ಎರಡು ಮ್ಯಾಟ್ರಿಕ್ಸ್ ಗುಣಿಸಲು ನೂರು ಕೋಟಿ ಗುಣಾಕಾರ ಬೇಕು. ಒಂದೇ ಹೆಸರಿನ ಹಿಂದೆ ಯಾರು ನಿಂತಿದ್ದಾರೆ ಎಂಬುದರ ಮೇಲೆ ವೇಗ ಎಷ್ಟೋ ಪಟ್ಟು ಬದಲಾಗುತ್ತದೆ. ನಿಮ್ಮಲ್ಲಿ ಯಾವುದಿದೆ? ಆರ್ ತೆರೆದು ಸೆಷನ್‌ಇನ್ಫೋ() ಎಂದು ಟೈಪಿಸಿ. ಲೈಬ್ರರಿಯ ವಿಳಾಸವನ್ನೇ ತೋರಿಸುತ್ತದೆ.

ಇನ್ನು ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿ ಕೇಳಿ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್, ವಿಲೋಮವೇ ಇಲ್ಲದ ಮ್ಯಾಟ್ರಿಕ್ಸ್‌ಗೂ ವಿಲೋಮದ ಕೆಲಸ ಮಾಡಿಕೊಡುವ ಒಂದನ್ನು ಕಟ್ಟಬಹುದೆಂದು ತೋರಿಸಿದವರಲ್ಲಿ ಒಬ್ಬರು. 1971ರಲ್ಲಿ ಸುಜಿತ್ ಕುಮಾರ್ ಮಿತ್ರ ಅವರೊಡನೆ ಅದರ ಮೇಲೆ ಇಡೀ ಪುಸ್ತಕವನ್ನೇ ಬರೆದರು. ಆರ್‌ನ ಮಾಸ್ ಪ್ಯಾಕೇಜ್‌ನಲ್ಲಿ ಆ ಬಗೆಯ ವಿಲೋಮ ಲೆಕ್ಕ ಹಾಕುವ ಫಂಕ್ಷನ್ ‘ಜಿಇನ್ವ್’. ಅದನ್ನು ಕರೆದೊಡನೆ ಲೆಕ್ಕ ಲಾಪ್ಯಾಕ್ ಎಂಬ ರೇಖೀಯ ಬೀಜಗಣಿತದ ಲೈಬ್ರರಿಗೆ ಇಳಿಯುತ್ತದೆ, ಲಾಪ್ಯಾಕ್‌ನಿಂದ ಬ್ಲಾಸ್‌ಗೆ. ಹಡಗಲಿಯ ಗಣಿತಜ್ಞರ ಆ ವಿಚಾರ ಮೈಸೂರಿನ ಲ್ಯಾಪ್‌ಟಾಪಿನಲ್ಲಿ ಅಂಕಿಗಳಾಗುವುದು, ಬಿಲ್ಡ್ ಹೊತ್ತಿನಲ್ಲಿ ಹೆಸರು ಹಿಡಿದು ಹುಡುಕಿ ತಂದ ಅದೇ ಲೈಬ್ರರಿಯ ಬಲದಿಂದ!