ಉಸಿರಿನ ಕಾಯಿಲೆ, ತೊಡೆಯ ಸೋಲು

ಆಸ್ಪತ್ರೆಯ ಕಾರಿಡಾರ್‌ನಲ್ಲಿ 30 ಮೀಟರ್ ಅಂತರಕ್ಕೆ ಎರಡು ಗುರುತು. ರೋಗಿ 6 ನಿಮಿಷ ಅತ್ತಿಂದಿತ್ತ ನಡೆಯಬೇಕು. ದಮ್ಮು ಹತ್ತಿದರೆ ಗೋಡೆಗೊರಗಿ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ನಡೆದ ದೂರವೇ ಫಲಿತಾಂಶ. ಮೊದಲು ಈ ಪರೀಕ್ಷೆ 12 ನಿಮಿಷದ್ದಾಗಿತ್ತು. ಅರ್ಧ ಹೊತ್ತೇ ಸಾಕೆಂದು ಬ್ರಿಟನ್ನಿನ ವೈದ್ಯರು 1982ರಲ್ಲಿ ತೋರಿಸಿದರು.

ಬೀಡಿಯಿಂದ ಬಂದದ್ದಿರಲಿ, ಸೌದೆ ಒಲೆಯ ಹೊಗೆಯಿಂದ ಬಂದದ್ದಿರಲಿ, ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು ಎಷ್ಟು ದೂರ ನಡೆದಾರು ಎಂಬುದನ್ನು, ಉಸಿರಿನ ಗಾಳಿ ಅಳೆಯುವ ಸ್ಪೈರೋಮೀಟರ್ ಊದಿಸಿ ಹೇಳಲಾಗದು. ಶ್ವಾಸಕೋಶ ಒಂದೇ ಮಟ್ಟಕ್ಕೆ ಕೆಟ್ಟಿರುವ ಇಬ್ಬರಲ್ಲಿ ಒಬ್ಬರು 400 ಮೀಟರ್ ನಡೆದರೆ ಇನ್ನೊಬ್ಬರು 200ಕ್ಕೇ ಕೈಚೆಲ್ಲಬಹುದು.

ಒಂದು ಕಾರಣ ಎದೆಯೊಳಗೇ ಇದೆ. ಈ ಕಾಯಿಲೆಯಲ್ಲಿ ಉಸಿರು ಎಳೆಯುವುದಕ್ಕಿಂತ ಬಿಡುವುದು ಕಷ್ಟ. ನಡಿಗೆ ಚುರುಕಾದಂತೆ, ಒಳಗಿನ ಗಾಳಿ ಪೂರ್ತಿ ಹೊರಬೀಳುವ ಮೊದಲೇ ಹೊಸದು ನುಗ್ಗುತ್ತದೆ. ಖಾಲಿಯಾಗದ ತಿದಿಯನ್ನು ಕಮ್ಮಾರ ಎಷ್ಟು ಎಳೆದರೇನು, ಕುಲುಮೆಗೆ ಬೀಸುವ ಗಾಳಿ ಅಷ್ಟಕ್ಕಷ್ಟೇ. ಎದೆ ಉಬ್ಬಿ, ವಪೆ ಚಪ್ಪಟೆಯಾಗಿ, ಮುಂದಿನ ಉಸಿರಿಗೆ ಜಾಗವೇ ಉಳಿಯುವುದಿಲ್ಲ. ತುಟಿ ಕಿರಿದಾಗಿಸಿ ನಿಧಾನವಾಗಿ ಉಸಿರು ಬಿಡಿ ಎಂದು ಫಿಸಿಯೋಥೆರಪಿಸ್ಟ್ ಹೇಳುವುದು ಇದಕ್ಕೇ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ತೊಡೆ. ಏದುಸಿರಿಗೆ ಹೆದರಿ ಓಡಾಟ ಬಿಟ್ಟವರ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಹೆಚ್ಚು ಹೊತ್ತು ದುಡಿಯಬಲ್ಲ ಎಳೆಗಳು ಕಡಿಮೆಯಾಗಿ, ಬೇಗ ದಣಿಯುವವು ಹೆಚ್ಚುತ್ತವೆ. ಇಂಥ ಸ್ನಾಯು ಸಣ್ಣ ಶ್ರಮಕ್ಕೂ ಲ್ಯಾಕ್ಟಿಕ್ ಆಮ್ಲ ಹೊರಹಾಕುತ್ತದೆ. ರಕ್ತದ ಆಮ್ಲೀಯತೆ ಸರಿದೂಗಿಸಲು ಇನ್ನಷ್ಟು ಉಸಿರಾಡಬೇಕು. ಅಂದರೆ ಸೋತದ್ದು ಕಾಲು, ಏದುಸಿರು ಬಿಡುವುದು ಎದೆ. ಪಲ್ಮನರಿ ರಿಹ್ಯಾಬಿಲಿಟೇಷನ್ ಎಂಬ ಕೆಲವು ವಾರಗಳ ವ್ಯಾಯಾಮದ ಬಳಿಕ ಸ್ಪೈರೋಮೀಟರಿನ ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ನಡೆಯುವ ದೂರ ಬೆಳೆಯುತ್ತದೆ. ಸುಮಾರು 30 ಮೀಟರ್ ಬೆಳೆದರೆ ವೈದ್ಯರು ಅದನ್ನು ನಿಜವಾದ ಸುಧಾರಣೆಯೆಂದು ಒಪ್ಪುತ್ತಾರೆ.

ತಮಾಷೆಯೆಂದರೆ, ಬರೀ ಮಾತಿಗೂ ಅಷ್ಟೇ ಬಲವಿದೆ. ಪಕ್ಕದಲ್ಲಿ ನಿಂತು ಹುರಿದುಂಬಿಸಿದರೆ ರೋಗಿಗಳು ಸುಮಾರು 30 ಮೀಟರ್ ಹೆಚ್ಚು ನಡೆಯುತ್ತಾರೆಂದು 1984ರಲ್ಲಿ ಕೆನಡಾದ ಸಂಶೋಧಕರು ಕಂಡುಕೊಂಡರು. ಅದಕ್ಕೇ ಈಗ ಪರೀಕ್ಷೆ ನಡೆಸುವವರು ನಿಮಿಷಕ್ಕೊಮ್ಮೆ ಏನು ಹೇಳಬೇಕೆಂಬುದೂ ನಿಗದಿ. ಒಂದು ಭಲೇ ಹೆಚ್ಚಾಗುವಂತಿಲ್ಲ.

ಕೈಯ ಪಾತ್ರವೂ ಉಂಟು. ತೋಳೂರಿದಾಗ ಕತ್ತು, ಭುಜದ ಸ್ನಾಯುಗಳು ಉಸಿರಾಟಕ್ಕೆ ನೆರವಾಗಬಲ್ಲವು. ಬರಿಗೈಯಲ್ಲಿ ನಾಲ್ಕು ಹೆಜ್ಜೆಗೆ ನಿಲ್ಲುವ ಅಜ್ಜ, ಸೂಪರ್‌ಮಾರ್ಕೆಟ್ಟಿನ ಟ್ರಾಲಿಯ ಮೇಲೆ ಬಾಗಿಕೊಂಡರೆ ಅಂಗಡಿಯಿಡೀ ಸುತ್ತಿಬರಬಹುದು.