ಮೋಟಾರು ಗಾಡಿಯ ಕಿಡಿಗೆ ಕಿಲುಬಿನ ಕಾಟ

ಮಲೆನಾಡಿನ ಮಳೆಗಾಲದಲ್ಲಿ ಹಾಲಿನ ಕ್ಯಾನು ಹೇರಿಕೊಂಡು ನಸುಕಿನಲ್ಲಿ ಹೊರಟಾಗ ಹಳೆಯ ಓಮ್ನಿ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಹೋಯಿತೆಂದು ಹೊಸದನ್ನು ಕೊಂಡು ಹಣ ಕಳೆದುಕೊಂಡವರುಂಟು. ಸ್ಟಾರ್ಟರ್ ಚುರುಕಾಗಿ ತಿರುಗುತ್ತಿದ್ದರೆ ಬ್ಯಾಟರಿಯಲ್ಲಿ ಶಕ್ತಿ ಇದೆಯೆಂದೇ ತಿಳಿಯಬೇಕು. ಪೆಟ್ರೋಲ್ ಸರಿಯಾಗಿ ಬರುತ್ತಿದ್ದರೆ, ಮುಂದೆ ಪರೀಕ್ಷಿಸಬೇಕಾದದ್ದು ಕಿಡಿಯ ದಾರಿಯನ್ನು. (ಡೀಸೆಲ್ ಜೀಪಿಗೆ ಕಿಡಿಯೇ ಬೇಕಿಲ್ಲ, ಅದರ ಮಾತು ಬೇರೆ.)

ಬ್ಯಾಟರಿಯ ೧೨ ವೋಲ್ಟನ್ನು ಕಾಯಿಲ್ ಹಲವು ಸಾವಿರ ವೋಲ್ಟಿಗೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುತ್ತದೆ. ತಂತಿಯ ತುದಿಗೆ ಕಿಲುಬು ಹಿಡಿದರೆ, ಕಾಲುವೆಯಲ್ಲಿ ಹೂಳು ತುಂಬಿದಂತೆ ವಿದ್ಯುತ್ತಿನ ಹರಿವು ತಗ್ಗುತ್ತದೆ. ಮುಚ್ಚಳದಲ್ಲಿ ತೇವ ಸೇರಿದರೆ, ಬದು ಒಡೆದ ನೀರಿನಂತೆ ಅದು ಪ್ಲಗ್ಗಿಗೆ ಹೋಗದೆ ಪಕ್ಕಕ್ಕೆ ಹರಿಯುತ್ತದೆ.

ಮೊದಲು ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿರಿ. ಡಿಸ್ಟ್ರಿಬ್ಯೂಟರ್ ಮುಚ್ಚಳದ ದಪ್ಪ ತಂತಿಗಳನ್ನು ಒಂದೊಂದಾಗಿಯೇ ಕಿತ್ತು ನೋಡಿ, ಅದದರ ಜಾಗಕ್ಕೇ ಮರಳಿ ಕೂಡಿಸಬೇಕು. ಒಟ್ಟಿಗೆ ಕಿತ್ತರೆ ಸರದಿ ತಪ್ಪಿ ಇಡೀ ದಿನ ಹಾಳಾದೀತು. ಗೂಡಿನೊಳಗೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಅದೇ ಕಿಲುಬು. ನಯವಾದ ಎಮರಿ ಕಾಗದದಿಂದ ಮೆಲ್ಲಗೆ ಉಜ್ಜಿ, ಒಣಬಟ್ಟೆಯಿಂದ ಒರೆಸಿರಿ. ಲೋಹ ತಿಂದುಹೋಗಿದ್ದರೆ ಆ ಭಾಗವನ್ನು ಬದಲಿಸುವುದೇ ಲೇಸು. ಮುಚ್ಚಳದ ಒಳಗೋಡೆಯಲ್ಲಿ ಕೂದಲಿನಷ್ಟು ತೆಳುವಾದ ಕಪ್ಪು ಗೆರೆ ಇದ್ದರೆ, ವಿದ್ಯುತ್ತು ಅಲ್ಲಿ ಕಳ್ಳದಾರಿ ಮಾಡಿಕೊಂಡಿದೆ. ಅದನ್ನು ಕೆರೆದು ಫಲವಿಲ್ಲ, ಮುಚ್ಚಳವನ್ನೇ ಬದಲಿಸತಕ್ಕದ್ದು. ಎಂಜಿನ್ ನಡೆಯುತ್ತಿರುವಾಗ ಕತ್ತಲೆಯಲ್ಲಿ ಅದರ ಮೇಲಿನ ಹೊದಿಕೆ ಎತ್ತಿ ನೋಡಿದರೆ ಸೋರುವ ಕಡೆ ನೀಲಿ ಕಿಡಿ ಕಾಣಿಸಬಹುದು. ಕೈ ಮಾತ್ರ ತಾಗಿಸಬೇಡಿ.

ಬ್ಯಾಟರಿ ತುದಿಗಳ ಬೆಳ್ಳನೆಯ ಪುಡಿಯನ್ನು ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡ ಬೆರೆಸಿ ತೊಳೆಯಬಹುದು. ಆ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಒಣಗಿದ ಬಳಿಕ ಬಿಗಿಮಾಡಿ ವ್ಯಾಸಲೀನ್ ಸವರಿರಿ.

ನಮ್ಮ ಶಾಸ್ತ್ರ ಬೆಳೆಯದು, ಎಂಜಿನ್ನಿನದಲ್ಲ. ಆದರೂ ಗಾಡಿಯನ್ನು ಎಲ್ಲಿ ನಿಲ್ಲಿಸುತ್ತೀರೆಂದು ಕೇಳಲೇಬೇಕಾಗಿದೆ. ಕೊಟ್ಟಿಗೆಯ ಗಂಜಲದಿಂದ ಏಳುವ ಅಮೋನಿಯ, ತೇವದೊಡನೆ ಸೇರಿ ತಾಮ್ರ, ಹಿತ್ತಾಳೆಗಳನ್ನು ತಿನ್ನುತ್ತದೆ. ಪೊಟ್ಯಾಷ್ ಗೊಬ್ಬರದ ಧೂಳು ತೇವ ಹೀರಿ ಉಪ್ಪುನೀರಾಗಿ ಲೋಹಕ್ಕೆ ಅಂಟುತ್ತದೆ. ಗಾಡಿಗೆ ಕೊಟ್ಟಿಗೆಯಿಂದ ದೂರ ಬೇರೆ ಸೂರು ಮಾಡಿ, ಅದರಡಿ ಗೊಬ್ಬರದ ಚೀಲ ಇಡಬೇಡಿ. ಚೀಲ ಸಾಗಿಸಿದ ದಿನವೇ ಗಾಡಿಯನ್ನು ಗುಡಿಸಿ ಒರೆಸಿರಿ. ತಂತಿಗಳ ರಬ್ಬರ್ ಟೊಪ್ಪಿಗೆ ಸೀಳಿದ್ದರೆ ಮಳೆಗೆ ಮುಂಚೆಯೇ ಬದಲಿಸಿರಿ.

ಈಚಿನ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇರುವುದಿಲ್ಲ. ಹಲವದರಲ್ಲಿ ಪ್ಲಗ್ಗಿನ ಮೇಲೆಯೇ ಕಾಯಿಲ್ ಕೂತಿರುತ್ತದೆ. ಅದರ ಸಣ್ಣ ಪಿನ್ನುಗಳಿಗೆ ಎಮರಿ ಕಾಗದ ತಾಗಿಸದೆ ಮೆಕ್ಯಾನಿಕ್ಕಿಗೆ ತೋರಿಸಿರಿ.